ತಟ್ಟೆಯ ನೀರು ಎಲ್ಲಿಗೆ ಹೋಯಿತು?

ಹೊಸ ಮಡಕೆಗೆ ನೀರು ತುಂಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಅದರ ಹೊರಮೈ ತೇವವಾಗುವುದನ್ನು ನೀವು ನೋಡಿದ್ದೀರಲ್ಲವೆ? ಮಡಕೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಇಟ್ಟಿಗೆ, ಮಣ್ಣು, ಸೀಮೆಸುಣ್ಣಗಳಲ್ಲೂ ಇವೆ. ಆ ರಂಧ್ರಗಳಲ್ಲಿರುವ ನೀರು ಹೆಪ್ಪುಗಟ್ಟಿದರೆ? ನಮ್ಮ ಊರುಗಳಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಚಳಿದೇಶಗಳಲ್ಲಿ ಇದರಿಂದಲೇ ರಸ್ತೆಗಳು ಉಬ್ಬಿ ಬಿರಿಯುತ್ತವೆ.

ಓದುವ ದಿನಗಳಲ್ಲಿ ಈ ಹೆಪ್ಪುಗಟ್ಟುವಿಕೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು. 100 ಮಿ.ಮೀ. ಎತ್ತರದ ಒದ್ದೆ ಮಣ್ಣಿನ ಕಂಬವನ್ನು 100 ತೆಳು ಪದರಗಳೆಂದು ಭಾವಿಸಿದೆ. ಪ್ರತಿ ಪದರವೂ ನೆರೆಯ ಪದರದಿಂದ ಎಷ್ಟು ಶಾಖ ಪಡೆಯಿತು, ಎಷ್ಟು ಕೊಟ್ಟಿತು ಎಂದು ಲೆಕ್ಕ ಹಾಕಬೇಕು. ಆಮೇಲೆ ಗಡಿಯಾರವನ್ನು ಒಂದು ಕ್ಷಣ ಮುಂದೂಡಿ ಮತ್ತೆ ಅದೇ ಲೆಕ್ಕ. ಮೊದಲ ಸಲ ಇಡೀ ಮಣ್ಣು ಬಹಳ ಬೇಗ ಹೆಪ್ಪುಗಟ್ಟಿಬಿಟ್ಟಿತು! ನಾನು ಗುಪ್ತೋಷ್ಣವನ್ನೇ ಮರೆತಿದ್ದೆ. ಒಂದು ಗ್ರಾಂ ನೀರನ್ನು 1 ಡಿಗ್ರಿ ತಣಿಸಲು 1 ಕ್ಯಾಲೊರಿ ಶಾಖ ತೆಗೆದರೆ ಸಾಕು. ಸೊನ್ನೆ ಡಿಗ್ರಿಯ ನೀರನ್ನು ಮಂಜುಗಡ್ಡೆ ಮಾಡಲು ಸುಮಾರು 80 ಕ್ಯಾಲೊರಿ ತೆಗೆಯಬೇಕು. ಆ ತಪ್ಪು ತಿದ್ದಿದೆ.

ಎರಡನೆಯ ತಪ್ಪು ಮಾತ್ರ ನನಗೆ ಕಾಣಲೇ ಇಲ್ಲ. ಮಣ್ಣಿನ ಗಾತ್ರದಲ್ಲಿ ನೂರಕ್ಕೆ 40 ಪಾಲು ನೀರಿತ್ತು. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಸುಮಾರು 9ರಷ್ಟು ಹಿಗ್ಗುತ್ತದೆ. ಅಷ್ಟೂ ನೀರು ಹೆಪ್ಪುಗಟ್ಟಿದರೂ ಕಂಬ 3.6 ಮಿ.ಮೀ. ಮೀರಿ ಮೇಲೇಳಬಾರದು. ಪ್ರಯೋಗಾಲಯದಲ್ಲಿ ನುಣುಪು ಮಣ್ಣು ತುಂಬಿದ ಕೊಳವೆಯನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿ ಮೇಲಿನಿಂದ ತಣಿಸಿದೆವು. ಮೂರನೆಯ ದಿನ ಅಳತೆಪಟ್ಟಿ 8 ಮಿ.ಮೀ. ತೋರಿಸಿತು. ನನಗೆ ಸಿಟ್ಟು ಬಂತು. ಅಳತೆಪಟ್ಟಿ ಸರಿಯಿಲ್ಲ ಎಂದು ವರದಿಯಲ್ಲಿ ಬರೆದೇಬಿಟ್ಟೆ.

ಮೇಷ್ಟ್ರು ಓದಿ ಕೇಳಿದರು: "ಏನಪ್ಪಾ, ದಿನಾ ಬೆಳಿಗ್ಗೆ ತಟ್ಟೆಗೆ ನೀರು ಹಾಕುತ್ತಿದ್ದೆಯಲ್ಲ, ಅದೆಲ್ಲ ಎಲ್ಲಿಗೆ ಹೋಯಿತು?"

ಆವಿಯಾಗಿರಬೇಕು ಎಂದುಕೊಂಡಿದ್ದೆ. ಕೊಳವೆ ಬಿಚ್ಚಿ ಮಣ್ಣನ್ನು ಉದ್ದಕ್ಕೆ ಸೀಳಿದೆವು. ಒಳಗೆ ಚಿರೋಟಿಯ ಎಳೆಗಳಂತೆ ಮಣ್ಣೊಂದು ಪದರ, ಶುದ್ಧ ಮಂಜುಗಡ್ಡೆಯೊಂದು ಪದರ! ಸೊನ್ನೆಗಿಂತ ಕೆಳಗೂ ಮಣ್ಣಿನ ಕಣಗಳ ಸುತ್ತ ಅತಿ ತೆಳುವಾದ ನೀರಿನ ಪೊರೆ ಹೆಪ್ಪುಗಟ್ಟದೆ ಉಳಿಯುತ್ತದೆ. ಬೆಳೆಯುವ ಮಂಜುಗಡ್ಡೆ ಅದರ ಮೂಲಕ, ದೀಪದ ಬತ್ತಿ ಎಣ್ಣೆ ಎಳೆದಂತೆ, ಕೆಳಗಿನ ನೀರನ್ನು ಎಳೆದುಕೊಳ್ಳುತ್ತದೆ. ನನ್ನ ಲೆಕ್ಕದಲ್ಲಿ ನೀರು ಇದ್ದಲ್ಲೇ ಕುಳಿತಿತ್ತು.

ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ ಇದನ್ನು 1930ರಷ್ಟು ಹಿಂದೆಯೇ ಬಹಳ ಜಾಣತನದಿಂದ ತೋರಿಸಿದ್ದರು. ಅವರು ನೀರಿನ ಬದಲು ಬೆಂಜೀನ್ ಬಳಸಿದರು. ಬೆಂಜೀನ್ ಹೆಪ್ಪುಗಟ್ಟುವಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಮೇಲೆದ್ದಿತು!

ಇನ್ನು ಪ್ರತಿ ಪದರಕ್ಕೂ ಇನ್ನೊಂದು ಪ್ರಶ್ನೆ ಕೇಳಬೇಕಾಯಿತು: ಕೆಳಗಿನಿಂದ ಎಷ್ಟು ನೀರು ಬಂತು? ಇದಕ್ಕೆ ಬೇಕಾದ ನಿಯಮವನ್ನು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳಿನಲ್ಲಿ ನೀರು ಹರಿಸಿ 1856ರಲ್ಲಿ ಪ್ರಕಟಿಸಿದ್ದರು. ಆದರೆ ಮಂಜುಗಡ್ಡೆ ತುಂಬಿದಂತೆಲ್ಲ ರಂಧ್ರಗಳ ದಾರಿ ಕಿರಿದಾಗುತ್ತದೆ. ಅದನ್ನು ಲೆಕ್ಕಕ್ಕೆ ಸೇರಿಸಲು ನನಗೆ ಎರಡು ತಿಂಗಳು ಹಿಡಿಯಿತು. ಕೊನೆಗೂ 8 ಬರಲಿಲ್ಲ, 7ರ ಹತ್ತಿರ ಬಂತು. ಹಾಗೆಯೇ ಬರೆದು, ಅಳತೆಪಟ್ಟಿಯ ಮೇಲಿನ ದೂರನ್ನು ಹೊಡೆದುಹಾಕಿದೆ.

ನೀರು ಮೇಲೇರುವುದನ್ನು ನೋಡಲು ಚಳಿ ಬೇಕಿಲ್ಲ. ತಟ್ಟೆಯಲ್ಲಿ ಶಾಯಿ ಬೆರೆಸಿದ ನೀರಿಟ್ಟು ಒಂದು ಸೀಮೆಸುಣ್ಣವನ್ನು ನೆಟ್ಟಗೆ ನಿಲ್ಲಿಸಿ. ಬಣ್ಣ ಏರಿದಲ್ಲಿಗೆ ನಿಮಿಷಕ್ಕೊಮ್ಮೆ ಪೆನ್ಸಿಲಿನಿಂದ ಗುರುತು ಹಾಕಿ. ತಟ್ಟೆಯ ನೀರು ಎಲ್ಲಿತ್ತು ಎಂಬ ಗುರುತನ್ನೂ ಮೊದಲೇ ಹಾಕಿಕೊಳ್ಳಿ.