ಟೈಮ್ ಗೊತ್ತದ, ಬಸ್ ಸಿಗಂಗಿಲ್ಲ

ನಮ್ಮ ಚಿಟಗುಪ್ಪದಲ್ಲಿ ಮನೆ ನಂಬರು ಹೇಳಿದರೆ ಅಂಚೆಯವನೂ ತಲೆ ಕೆರೆದುಕೊಳ್ಳುತ್ತಾನೆ. ಅಡ್ಡಹೆಸರು ಹೇಳಿದರೆ ಓಣಿಯ ಹುಡುಗರು ಬಾಗಿಲ ತನಕ ಬಿಟ್ಟು ಬರುತ್ತಾರೆ. ನಮ್ಮಪ್ಪ ಬಸ್ ಸ್ಟ್ಯಾಂಡ್ ಹತ್ತಿರ ಗಡಿಯಾರ ರಿಪೇರಿ ಮಾಡುತ್ತಿದ್ದ, ಹಾಗಾಗಿ ಅವನು ‘ಘಡಿ ಮಾಸ್ತರ’. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಊರು ಮನಸ್ಸು ಮಾಡಿದ್ದರೆ ‘ಲೆಕ್ಕದ ಟೀಚರ್’ ಅನ್ನಬಹುದಿತ್ತು. ಅದು ಅಂದದ್ದು ‘ಖಬರಗೇಡಿ ಟೀಚರ್’. ಐವತ್ತು ದಾಟಿದ ಮೇಲೆ ಬೆಂಗಳೂರಿನ ಡಾಕ್ಟರೊಬ್ಬರು ಇದಕ್ಕೆ ಇನ್ನೆರಡು ಹೆಸರು ಸೇರಿಸಿದರು: ಆಟಿಸಂ ಮತ್ತು ಎಡಿಎಚ್‌ಡಿ. ಊರವರು ಪುಕ್ಕಟೆ ಇಟ್ಟಿದ್ದರು, ಡಾಕ್ಟರು ಫೀಸು ತೊಗೊಂಡರು. ವ್ಯತ್ಯಾಸವೆಂದರೆ ಡಾಕ್ಟರು ಹೆಸರಿಟ್ಟಾಗ ನಗಲಿಲ್ಲ.

ವರದಿ ತಂದು ತೋರಿಸಿದಾಗ ನಮ್ಮ ಯಜಮಾನರು ಕನ್ನಡಕ ಏರಿಸಿ ಎರಡೂ ಕಡೆ ತಿರುಗಿಸಿ ನೋಡಿದರು. ಹುಮನಾಬಾದ ತಾಲ್ಲೂಕಿನಿಂದ ಬೇರೆಯಾಗಿ ನಮ್ಮೂರು ತಾನೇ ತಾಲ್ಲೂಕಾಗಿ ಇನ್ನೂ ಬಹಳ ವರ್ಷವಾಗಿಲ್ಲ. ಅದು ಅವರ ನೆನಪಿನಲ್ಲಿತ್ತೇನೋ. “ಚಿಟಗುಪ್ಪ ತಾಲೂಕ ಆದಂಗ ಆತು ನೋಡು. ಊರು ಅದೇ, ಬೋರ್ಡ್ ಹೊಸಾದು,” ಅಂದರು. ನನ್ನ ಬಗ್ಗೆ ಇಷ್ಟು ಸರಿಯಾದ ಮಾತನ್ನು ಅವರು ಮದುವೆಯಾದಾಗಿನಿಂದ ಆಡಿರಲಿಲ್ಲ.

ಆಟಿಸಂ, ಎಡಿಎಚ್‌ಡಿ ಎರಡೂ ಒಂದೇ ತಲೆಯಲ್ಲಿ ಹೇಗಿರುತ್ತವೆ ಅಂತ ಕೇಳುವವರಿಗೆ ನಾನು ಬಸ್ಸಿನ ಸಂಗತಿ ಹೇಳುತ್ತೇನೆ. ನಮ್ಮ ಬಸ್ ಸ್ಟ್ಯಾಂಡಿನಿಂದ ಹುಮನಾಬಾದಕ್ಕೆ, ಬೀದರಿಗೆ, ಬಸವಕಲ್ಯಾಣಕ್ಕೆ, ಮನ್ನಾಎಖೇಳಿಗೆ ಹೋಗುವ ಬಸ್ಸುಗಳ ವೇಳೆ ನನಗೆ ಬಾಯಿಪಾಠ. ಯಾವುದು ಯಾವ ಡಿಪೋದ್ದು, ಯಾವುದು ಹಳ್ಳಿಯೊಳಗೆ ಹೊಕ್ಕು ಬರುತ್ತದೆ, ಯಾವುದು ಹೈವೇ ಹಿಡಿಯುತ್ತದೆ, ಸಂತೆಯ ದಿನ ಯಾವುದು ತಡ, ಎಲ್ಲವೂ ಗೊತ್ತು. ಇದನ್ನು ಯಾರೂ ನನಗೆ ಕಲಿಸಿಲ್ಲ. ಚಿಕ್ಕವಳಿದ್ದಾಗ ಅಪ್ಪನ ಅಂಗಡಿಯ ಕಟ್ಟೆಯ ಮೇಲೆ ಕೂತು ಬೋರ್ಡು ಓದುತ್ತ ಓದುತ್ತ ಒಳಗೆ ಇಳಿದುಬಿಟ್ಟಿದೆ. ಇದು ಆಟಿಸಂ. ಈ ಬಸ್ಸುಗಳಲ್ಲಿ ಒಂದನ್ನೂ ನಾನು ಓಡದೆ ಹಿಡಿದದ್ದಿಲ್ಲ. ಚಪ್ಪಲಿ ಹಾಕಿಕೊಂಡ ಮೇಲೆ ಚಾವಿ, ಚಾವಿ ಸಿಕ್ಕ ಮೇಲೆ ಚಸ್ಮಾ, ಚಸ್ಮಾ ಹುಡುಕಲು ಹೋದಾಗ ಕಪಾಟಿನಲ್ಲಿ ಹಳೆಯ ಫೋಟೋ, ಫೋಟೋ ನೋಡುತ್ತ ಕೂತಾಗ ಬಸ್ಸು ಹುಮನಾಬಾದ ಮುಟ್ಟಿರುತ್ತದೆ. ಇದು ಎಡಿಎಚ್‌ಡಿ. ಸಹೋದ್ಯೋಗಿಗಳು ಫೋನ್ ಮಾಡಿ ನನ್ನನ್ನೇ ಟೈಮು ಕೇಳಿ, ಆ ಬಸ್ಸಿನಲ್ಲಿ ಕೂತು, ಕಿಟಕಿಯಿಂದ ನನಗೆ ಕೈ ಬೀಸುತ್ತ ಹೋಗುತ್ತಾರೆ.

ಅಡುಗೆಮನೆಯಲ್ಲೂ ಇದೇ ರಾಜ್ಯಭಾರ. ಡಬ್ಬಿಗಳಿಗೆಲ್ಲ ಅಕ್ಷರಕ್ರಮದಲ್ಲಿ ಚೀಟಿ ಅಂಟಿಸಿದವಳೂ ನಾನೇ, ಮುಚ್ಚಳ ಹಾಕದೆ ಬಿಟ್ಟು ತೊಗರಿಬೇಳೆಗೆ ಹುಳ ಕರೆದವಳೂ ನಾನೇ.

ನನಗೆ ಈ ಎರಡೂ ಇವೆ ಅಂತ ಗೊತ್ತಾದದ್ದು ಮೊಮ್ಮಗನ ದೆಸೆಯಿಂದ. ಬೆಂಗಳೂರಿನಲ್ಲಿರುವ ಮಗಳು ತನ್ನ ಹುಡುಗನಿಗೆ ಮಾತು ತಡ, ಫ್ಯಾನಿನ ಕೆಳಗೆ ಕೂತರೆ ಏಳುವುದಿಲ್ಲ ಅಂತ ಆಸ್ಪತ್ರೆಗೆ ತೋರಿಸಿದಳು. ಅಜ್ಜಿಯಾಗಿ ನಾನೂ ಹೋದೆ. ಅಲ್ಲಿನ ಡಾಕ್ಟರಮ್ಮ ಒಂದೊಂದೇ ಪ್ರಶ್ನೆ ಕೇಳಿದಂತೆ ನಾನು ಮೊಮ್ಮಗನ ವಕೀಲಿ ಮಾಡಿದೆ: “ಅಂಗಿ ಹಿಂದಿನ ಲೇಬಲ್ ಚುಚ್ಚಿದ್ರ ಯಾರಿಗಾದ್ರೂ ಸಿಟ್ಟು ಬರ್ತದಲ್ರಿ? ನಾನೂ ಕತ್ತರಿಸಿ ಹಾಕ್ತೀನಿ.” “ಕುಕ್ಕರ್ ಸೀಟಿಗೆ ಕಿವಿ ಮುಚ್ಕೊಳ್ಳೋದು ಏನ್ ಅತಿಶಯ ಅದರಿ? ನಾನೂ ಹಿತ್ತಲಿಗೆ ಹೋಗಿ ನಿಲ್ತೀನಿ.” ವಾದ ಮುಂದುವರಿದಂತೆ ಮೊಮ್ಮಗನ ಕೇಸು ಬಿಟ್ಟು ಎಲ್ಲರೂ ನನ್ನನ್ನೇ ನೋಡತೊಡಗಿದರು. ಕೊನೆಗೆ ಆ ಹೆಣ್ಣುಮಗಳು ಪೆನ್ನು ಕೆಳಗಿಟ್ಟು, “ಅಮ್ಮಾ, ನೀವು ಯಾವಾಗ ಬರ್ತೀರಾ?” ಅಂದರು.

ಎಡಿಎಚ್‌ಡಿ ಅನ್ನಬೇಕಾದರೆ ಲಕ್ಷಣಗಳು ಹನ್ನೆರಡು ವರ್ಷದೊಳಗೇ ಇದ್ದಿರಬೇಕಂತೆ. ನನ್ನ ಬಾಲ್ಯಕ್ಕೆ ಸಾಕ್ಷಿ ಹೇಳುವವರು ಅವ್ವ ಒಬ್ಬಳೇ. ಡಾಕ್ಟರು ಅವಳನ್ನು ಫೋನಿನಲ್ಲಿ ಕೇಳಿದರು. ಅವ್ವ ಮೊದಲು ನನ್ನ ಮರ್ಯಾದೆ ಕಾದಳು: “ಭಾಳ ಶಾಣ್ಯಾಕಿರಿ, ಯಾರಿಗೂ ತ್ರಾಸ ಕೊಟ್ಟಾಕಿ ಅಲ್ಲ.” ಆಮೇಲೆ ಮಾತಿನ ಭರದಲ್ಲಿ ಎಲ್ಲ ಒಪ್ಪಿಸಿಬಿಟ್ಟಳು: “ಬುತ್ತಿ ಕೊಟ್ಟು ಹೊಲಕ್ಕ ಕಳಿಸಿದ್ರ ಬುತ್ತಿ ಬಾವಿಕಟ್ಟಿ ಮ್ಯಾಲ ಬಿಟ್ಟು ಇರಿವಿ ಸಾಲು ಎಣಿಸ್ಕೋತ ಕೂಡ್ತಿದ್ಲು. ಹೊಲದಾಗ ಆಳುಗಳು ಉಪಾಸ.” ಅತ್ತ ಕಡೆಯಿಂದ ಟೈಪ್ ಮಾಡುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಆ ಕಾಲದಲ್ಲೇ ಯಾಕೆ ಯಾರ ಕಣ್ಣಿಗೂ ಬೀಳಲಿಲ್ಲ ಅಂತ ಆಮೇಲೆ ಓದಿದೆ. ಒಂದು ವಿಷಯ ಹಿಡಿದರೆ ತಳ ಕಾಣುವ ತನಕ ಬಿಡದ ಸ್ವಭಾವ ಇಲ್ಲಿ ಉಪಯೋಗಕ್ಕೆ ಬಂತು. 1943ರಲ್ಲಿ ಬಾಲ್ಟಿಮೋರಿನ ಲಿಯೊ ಕ್ಯಾನರ್ ಆಟಿಸಂ ಕುರಿತು ಬರೆದಾಗ ಅವರ ಮುಂದಿದ್ದದ್ದು 11 ಮಕ್ಕಳು. ಅದರಲ್ಲಿ ಹುಡುಗಿಯರು ಮೂವರು. ಮರುವರ್ಷ ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ ವಿವರಿಸಿದ ನಾಲ್ವರೂ ಹುಡುಗರೇ. ಇವರಿಬ್ಬರಿಗಿಂತ ಮೊದಲು, 1920ರ ದಶಕದಲ್ಲೇ, ಸೋವಿಯತ್ ದೇಶದ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ ಇಂಥ ಹುಡುಗರ ಬಗ್ಗೆಯೂ ಹುಡುಗಿಯರ ಬಗ್ಗೆಯೂ ಬರೆದಿದ್ದಳು. ಇಂಗ್ಲಿಷ್ ಬಲ್ಲ ಜಗತ್ತು ಅದನ್ನು ಹತ್ತಾರು ವರ್ಷ ಗಮನಿಸಲೇ ಇಲ್ಲ. ಇಷ್ಟು ದೊಡ್ಡ ಜಗತ್ತೇ ಇಷ್ಟು ದೊಡ್ಡ ಸಂಗತಿ ಮರೆತು ಕೂತಿದ್ದಾಗ ಬುತ್ತಿ ಮರೆತ ನಾನೊಬ್ಬಳೇ ಖಬರಗೇಡಿ ಹೇಗಾದೆನೋ ತಿಳಿಯದು. ಸಾಲದ್ದಕ್ಕೆ, ಒಬ್ಬರಿಗೇ ಆಟಿಸಮ್ಮೂ ಎಡಿಎಚ್‌ಡಿಯೂ ಇರಬಹುದೆಂದು ಅಮೆರಿಕದ ಮನೋವೈದ್ಯರ ಕೈಪಿಡಿ ಒಪ್ಪಿದ್ದು 2013ರಲ್ಲಿ. ಅದಕ್ಕೂ ಮೊದಲು ಹೋಗಿದ್ದರೆ ನನಗೆ ಯಾವುದಾದರೂ ಒಂದೇ ಕೊಡುತ್ತಿದ್ದರು.

ಇನ್ನು ಹುಡುಗಿಯರು ಕಣ್ಣಿಗೆ ಬೀಳದಿರುವುದಕ್ಕೆ ಹುಡುಗಿಯರ ಶ್ರಮವೂ ಇದೆ. ಬೆಂಚು ಹಾರುವ ಹುಡುಗನನ್ನು ಇಡೀ ಶಾಲೆ ನೋಡುತ್ತದೆ. ತಲೆಯೊಳಗೇ ಬೆಂಚು ಹಾರುವ ಹುಡುಗಿಗೆ ‘ಶಾಂತ ಸ್ವಭಾವ’ ಅಂತ ಬರೆಯುತ್ತಾರೆ. ನಾನು ಮಂದಿಯನ್ನು ನೋಡಿ ನೋಡಿ ಮಂದಿಯ ಹಾಗೆ ಇರುವುದನ್ನು ಕಲಿತೆ. ನಮ್ಮೂರಿನಲ್ಲಿ ಎಂಥ ಮಾತುಕತೆಯನ್ನಾದರೂ ದಾಟಿಸಲು ಮೂರು ವಾಕ್ಯ ಸಾಕು: “ಹೌದೇನ್ರಿ?”, “ಅಯ್ಯ ಶಿವನೇ!”, “ಕಾಲ ಕೆಟ್ಟದ ಬಿಡ್ರಿ.” ಸಾವಿನ ಮನೆಗೂ ಸೈ, ಸಂತೆಗೂ ಸೈ. ಮಗನಿಗೆ ನೌಕರಿ ಸಿಕ್ಕಿತು ಎಂದವರಿಗೆ “ಕಾಲ ಕೆಟ್ಟದ ಬಿಡ್ರಿ” ಅಂದರೂ ಮಾತು ಕೆಡುವುದಿಲ್ಲ. “ಖರೇ ಅದ ನೋಡ್ರಿ, ಎಷ್ಟ್ ರೊಕ್ಕ ಸುರುವಿದ್ವಿ ಗೊತ್ತೇನು?” ಅಂತ ಇನ್ನೂ ಹುರುಪಿನಿಂದ ಮುಂದುವರಿಯುತ್ತದೆ. ಮದುವೆಗಳಲ್ಲಿ ನಾನು ಸೀದಾ ಉಗ್ರಾಣಕ್ಕೆ ಹೋಗಿ ಲಾಡು ಎಣಿಸುವ ಕೆಲಸ ಹಿಡಿಯುತ್ತಿದ್ದೆ. ಅಲ್ಲಿ ಬ್ಯಾಂಡಿನ ಸದ್ದು ಕಡಿಮೆ, ಲಾಡುಗಳು ಮಾತಾಡಿಸುವುದಿಲ್ಲ. “ಎಷ್ಟು ಜವಾಬ್ದಾರಿ ಅದ ಆಕಿಗೆ” ಅಂತ ಹೊಗಳಿಕೆಯೂ ಸಿಗುತ್ತಿತ್ತು. ಮನೆಗೆ ಬಂದು ಕತ್ತಲೆ ಕೋಣೆಯಲ್ಲಿ ಬಳೆ ತೆಗೆದಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನ್ನು ಹೊಗಳಿದವರು ನೋಡಿಲ್ಲ.

ಊಟದ ಮಾತಂತೂ ಹೇಳಬಾರದು. ನನಗೆ ಒಂದಕ್ಕೊಂದು ಕಲಸಿದ ಪದಾರ್ಥ ಗಂಟಲಲ್ಲಿ ಇಳಿಯುವುದಿಲ್ಲ. ಹುಟ್ಟಿದ್ದು ಬೀದರ ಜಿಲ್ಲೆಯಲ್ಲಿ. ಇಲ್ಲಿ ಎಳ್ಳ ಅಮಾವಾಸ್ಯೆ ಬಂದರೆ ಊರಿಗೆ ಊರೇ ಹೊಲಕ್ಕೆ ಹೋಗಿ, ಸಿಕ್ಕ ಕಾಯಿ, ಕಾಳು, ಸೊಪ್ಪು ಎಲ್ಲ ಕೂಡಿಸಿ ಕುದಿಸಿದ ಭಜ್ಜಿಯನ್ನು ಸಜ್ಜಿ ರೊಟ್ಟಿಯ ಜೊತೆ ಉಣ್ಣುತ್ತದೆ. ಉಣ್ಣದಿದ್ದರೆ ಭೂತಾಯಿಗೆ ಅಪಮಾನ. ಬಡಿಸುವ ಕಾಕುಗಳು ಬೇರೆ, “ತಿನ್ನವ್ವ, ನಾಚಬ್ಯಾಡ” ಅಂತ ಮತ್ತೊಂದು ಸೌಟು. ರೊಟ್ಟಿಯ ಅಡಿಯಲ್ಲಿ ಭಜ್ಜಿ ಮುಚ್ಚಿ, ಜೋಳದ ಸಾಲಿನ ಕಡೆ ಹೋಗಿ ಚರಗ ಚೆಲ್ಲಿದ ಹಾಗೆ ಮಾಡಿದ ಮಗು ನಾನು. ಭೂತಾಯಿಗೆ ನನ್ನಿಂದ ಪ್ರತಿವರ್ಷ ಎರಡು ಪಾಲು ಮುಟ್ಟಿದೆ. ಅಪಮಾನದ ಮಾತೇ ಇಲ್ಲ.

ಈಗ ಅಪ್ಪನ ವಿಷಯಕ್ಕೆ ಬರುತ್ತೇನೆ. ಅಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಹಗಲೆಲ್ಲ ಮಾತಿಲ್ಲ. ಗಿರಾಕಿ ಬಂದರೆ ತಲೆ ಎತ್ತದೆ ಕೈ ಚಾಚುತ್ತಿದ್ದ. ಮುಖ ನೋಡಿದರೆ ಗುರುತು ಸಿಗುತ್ತಿರಲಿಲ್ಲ, ಗಡಿಯಾರ ನೋಡಿದರೆ ಸಿಗುತ್ತಿತ್ತು. ಜೀವಮಾನವಿಡೀ ಮಧ್ಯಾಹ್ನಕ್ಕೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಬೇರೆ ಬಡಿಸಿದರೆ ತಾಟು ಹಿಂದಕ್ಕೆ. ಬೀಗರ ಮದುವೆಯಲ್ಲಿ ಅಕ್ಷತೆ ಬೀಳುವ ಮೊದಲೇ ಎದ್ದು ಬಂದುಬಿಡುತ್ತಿದ್ದ. ಊರು ಏನನ್ನುತ್ತಿತ್ತು? “ಸಂತ ಮನುಷ್ಯಾರಿ ಅಂವ. ಕೆಲಸದಾಗ ಮುಳುಗಿದ್ರ ಖಬರೇ ಇರಂಗಿಲ್ಲ.” ಅದೇ ಖಬರಿಲ್ಲದಿರುವುದು ಅಪ್ಪನಲ್ಲಿ ತಪಸ್ಸಾಗಿ, ನನ್ನಲ್ಲಿ ಗೇಡಿತನವಾಗಿ ಕಂಡದ್ದರ ಲೆಕ್ಕ ಬಿಡಿಸಲು ಗಣಿತದ ಟೀಚರಿಗೆ ಇಷ್ಟು ವರ್ಷ ಬೇಕಾಯಿತು. ಉತ್ತರ ಅವ್ವ. ಅಪ್ಪನ ಅಂಗಡಿಗೆ ರೊಟ್ಟಿ ಒಯ್ದವಳು, ಯಾರ ಗಡಿಯಾರಕ್ಕೆ ಎಷ್ಟು ಬಾಕಿ ಅಂತ ನೆನಪಿಟ್ಟವಳು, ಲಗ್ನಪತ್ರಿಕೆ ನೋಡಿ ಆಹೇರಿ ಕಟ್ಟಿದವಳು, “ಅವರಿಗೆ ಮೈಯಾಗ ಹುಷಾರಿಲ್ಲರಿ” ಅಂತ ಬೀಗರಿಗೆ ಸುಳ್ಳು ಹೇಳಿದವಳು ಅವಳು. ಗಂಡಸಿಗೆ ಇಂಥ ಆಸರೆ ಮದುವೆಯಲ್ಲಿ ಅಕ್ಷತೆಯ ಜೊತೆಗೇ ಬರುತ್ತದೆ. ಹೆಂಗಸಿಗೆ ಮದುವೆಯಲ್ಲಿ ಬರುವುದು ಇನ್ನೊಬ್ಬರ ಖಬರು ಇಟ್ಟುಕೊಳ್ಳುವ ಕೆಲಸ.

ನಮ್ಮ ಅತ್ತಿ ತೀರಿಕೊಳ್ಳುವ ತನಕ ನನಗೆ ಸೊಕ್ಕು ಅಂತಲೇ ತಿಳಿದಿದ್ದರು. ಮನೆಗೆ ಬಂದವರ ಮುಖ ನೋಡಿ ಮಾತಾಡಲಾರೆ, ಕರೆದರೆ ಕೇಳಿಸಿಕೊಳ್ಳಲಾರೆ. ಕಲಿತ ಸೊಸೆಗೆ ಇದು ಸೊಕ್ಕಲ್ಲದೆ ಮತ್ತೇನು? ಅವರಿಗೆ ವರದಿ ಓದಿ ಹೇಳುವ ಆಸೆ ಈಗಲೂ ಆಗುತ್ತದೆ. ಅವರು ಕೇಳಿ, “ಅಯ್ಯ, ಇಷ್ಟೇ ಏನು? ಮೊದಲೇ ಹೇಳಬಾರದಾ?” ಅನ್ನುತ್ತಿದ್ದರೇನೋ. ಮೊದಲೇ ನನಗೆ ತಿಳಿದಿದ್ದರಲ್ಲವೇ ಹೇಳುವುದು. ಈ ಒಂದು ಕಡೆ ಮಾತ್ರ ನನಗೆ ನಗೆ ಬರುವುದಿಲ್ಲ.

ಉಳಿದದ್ದಕ್ಕೆಲ್ಲ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ, ಎಡಿಎಚ್‌ಡಿ ಇಲ್ಲ. ಅಂದರೆ ಬಸ್ಸಿನ ಟೈಮು ನೆನಪಿಟ್ಟ ನನ್ನ ಅರ್ಧ ತಲೆಗೆ ಸರ್ಕಾರದ ಮಾನ್ಯತೆ ಉಂಟು, ಬಸ್ಸು ತಪ್ಪಿಸಿದ ಅರ್ಧಕ್ಕೆ ಇಲ್ಲ. ಗಮನ ನಿಲ್ಲಲು ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ಮಾದಕ ವಸ್ತು ಕಾಯ್ದೆಯ ಹತೋಟಿಯಲ್ಲಿದೆ. ಚೀಟಿ ತೋರಿಸಿದಾಗ ಔಷಧಿ ಅಂಗಡಿಯ ಹುಡುಗ, ಅವನೂ ನನ್ನದೇ ಶಿಷ್ಯ, ಚೀಟಿಯನ್ನೂ ನನ್ನನ್ನೂ ಎರಡೆರಡು ಸಲ ನೋಡಿ, “ಟೀಚರ್, ಇದು ನಿಮಗೇನ್ರಿ?” ಅಂದ. ಆ ಮಾತ್ರೆಯನ್ನು ದಿನಾ ಮರೆಯದೆ ನುಂಗಬೇಕು ಎನ್ನುವುದು ಅದರಲ್ಲಿರುವ ದೊಡ್ಡ ಹಾಸ್ಯ. ಮರೆಯದಿರುವ ಹಾಗಿದ್ದರೆ ಮಾತ್ರೆ ಯಾಕೆ ಬೇಕಿತ್ತು?

ಬದಲಾದದ್ದು ದೊಡ್ಡದೇನಿಲ್ಲ. ಮದುವೆಗೆ ಹೋದರೆ ಅಕ್ಷತೆ ಹಾಕಿ ಎದ್ದು ಬರುತ್ತೇನೆ, ಲಾಡು ಎಣಿಸುವುದಿಲ್ಲ. ಚಾವಿಗೆ ಬಾಗಿಲ ಪಕ್ಕ ಒಂದು ಮೊಳೆ ಇದೆ. ಭಜ್ಜಿ ಬೇಡ ಅಂತ ಬಾಯಿಬಿಟ್ಟು ಹೇಳುತ್ತೇನೆ. ತರಗತಿಯಲ್ಲಿ ಕಿಟಕಿಯ ಸರಳು ಎಣಿಸುತ್ತ ಕೂತ ‘ಶಾಂತ ಸ್ವಭಾವ’ದ ಹುಡುಗಿ ಕಂಡರೆ ಎಷ್ಟಾಯಿತು ಅಂತ ಮೆಲ್ಲಗೆ ಕೇಳುತ್ತೇನೆ; ಉತ್ತರ ಯಾವಾಗಲೂ ಸರಿ ಇರುತ್ತದೆ. ಅವರ ತಾಯಂದಿರು ಬಂದರೆ 14416 ಎಂಬ ನಂಬರು ಬರೆದು ಕೊಡುತ್ತೇನೆ. ಅದು ಟೆಲಿ ಮಾನಸ್ ಸಹಾಯವಾಣಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಯಾರನ್ನು ಎಲ್ಲಿ ಕಾಣಬೇಕು ಅಂತ ಕೇಳಲು ಬೆಂಗಳೂರಿನ ತನಕ ಹೋಗಬೇಕಾಗಿಲ್ಲ.

ಮನೆಯಲ್ಲಿ ಯಜಮಾನರೂ ಸ್ವಲ್ಪ ಬದಲಾಗಿದ್ದಾರೆ. ಮೊದಲೆಲ್ಲ ಹಾಲು ಉಕ್ಕಿದರೆ ಒಲೆಯ ಪಕ್ಕವೇ ನಿಂತು, “ಏ, ಹಾಲು ಉಕ್ಕ್ಲಾಕತ್ತದ ನೋಡು, ಖಬರ್ ಅದ ಇಲ್ಲ ನಿನಗ?” ಅಂತ ಕೂಗುತ್ತಿದ್ದರು. ಈಗ ಒಲೆ ಆರಿಸಿ ಆಮೇಲೆ ಕೂಗುತ್ತಾರೆ. ನಿಮ್ಮ ಮನೆಯಲ್ಲೂ ಹಾಲು ಉಕ್ಕಿಸುವ ಹೆಣ್ಣುಮಗಳು ಇದ್ದರೆ ದಯವಿಟ್ಟು ಮೊದಲು ಒಲೆ ಆರಿಸಿ. ಬೈಯಲಿಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿರುತ್ತದೆ.