ಮೈಸೂರಿನ ಹಳೆಯ ಗೋಡೆಗಳು

ಮೈಸೂರಿಗೆ ಬಂದವರು ಅರಮನೆಯನ್ನು ಕಂಡು, ಚಾಮುಂಡಿಬೆಟ್ಟವನ್ನೇರಿ, ತೃಪ್ತರಾಗಿ ಹಿಂದಿರುಗುತ್ತಾರೆ. ಊರಿನ ಕಥೆಯನ್ನು ಅರಿಯಬೇಕೆನ್ನುವವರು ಮಾತ್ರ ಬೀದಿಗಳಲ್ಲಿ ನಡೆಯಬೇಕು.

ಈ ನಗರದ ಚೆಲುವು ಸಂಕಟದಿಂದ ಹುಟ್ಟಿದುದು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅದೇ ಕಾಲದಲ್ಲಿ ಕಿಕ್ಕಿರಿದ ಕೇರಿಗಳಿಗೆ ಪ್ಲೇಗು ನುಗ್ಗಿತು. ಆಗ ಹಿರಿಯರು ಕೈಕಟ್ಟಿ ಕೂರಲಿಲ್ಲ. 1903ರಲ್ಲಿ ನಗರಾಭಿವೃದ್ಧಿಗೆಂದೇ ಟ್ರಸ್ಟ್ ಬೋರ್ಡನ್ನು ಸ್ಥಾಪಿಸಿದರು. ಅಗಲವಾದ ಬೀದಿಗಳೂ ಗಾಳಿ ಬೆಳಕಿನ ಬಡಾವಣೆಗಳೂ ಮೂಡಿದವು.

ಚಿಕ್ಕ ಗಡಿಯಾರದ ಬಳಿಯ ಲ್ಯಾನ್ಸ್‌ಡೌನ್ ಕಟ್ಟಡ 1892ರದು. ವಿದ್ಯಾರ್ಥಿಯಾಗಿದ್ದಾಗ ಅಲ್ಲಿಯ ಅಂಗಡಿಯೊಂದರಲ್ಲಿ ಚೌಕಾಸಿ ಮಾಡಿ ಹಳೆಯ ನಿಘಂಟೊಂದನ್ನು ಕೊಂಡಿದ್ದೆ. 2012ರ ಆಗಸ್ಟಿನಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. 2016ರ ಆಗಸ್ಟಿನಲ್ಲಿ, ಹೂವು, ವೀಳ್ಯದೆಲೆ, ಕುಂಕುಮದ ರಾಶಿಗಳ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ದುರಸ್ತಿಯೋ, ಕೆಡವಿ ಕಟ್ಟುವುದೋ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು.

ಕೆಡವಬೇಕೆನ್ನುವವರನ್ನು ನಾನು ಹಳಿಯಲಾರೆ. ಕಮಾನಿನ ಅಂದಕ್ಕಿಂತ ಅದರ ಕೆಳಗೆ ಕುಳಿತು ಹೂ ಮಾರುವವನ ಪ್ರಾಣ ದೊಡ್ಡದು. ಆದರೆ ಗಾರೆಯ ಗೋಡೆ ಒಂದೇ ದಿನದಲ್ಲಿ ಬೀಳದು. ಬಿರುಕಿನಲ್ಲಿ ಮೊಳೆತ ಅರಳಿಯ ಸಸಿಯನ್ನು ಯಾರೂ ಕೀಳದೆ, ಸೋರುವ ಮಾಳಿಗೆಗೆ ಯಾರೂ ಗಾರೆ ಹಾಕದೆ ಕಳೆದ ಮಳೆಗಾಲಗಳು ಅದನ್ನು ಬೀಳಿಸುತ್ತವೆ. ಹೊಸದಾಗಿ ಕಟ್ಟಿದರೂ ಆ ಸಸಿ ಮತ್ತೆ ಮೊಳೆಯದಿರದು.

ನಿಘಂಟಿನ ರಟ್ಟು ಕಿತ್ತುಹೋದಾಗ ಹೊಸ ರಟ್ಟು ಕಟ್ಟಿಸಿದೆ. ಅದು ಇಂದಿಗೂ ನನ್ನ ಮೇಜಿನ ಮೇಲಿದೆ.