ಎಳ್ಳಮವಾಸ್ಯೆ ರಾತ್ರಿಯ ಎರಡು ಗಡಿಯಾರ

ಚರಗ ಚೆಲ್ಲಿ, ಹೆಂಗಸರು ಮಕ್ಕಳು ಬಂಡಿ ಹತ್ತಿ ಊರಿಗೆ ಹೋದ ಮೇಲೆ ಯಂಕಂಚಿಯ ಎರಿ ಹೊಲದಲ್ಲಿ ಗಂಡಸರು ನಾಲ್ಕು ಮಂದಿ ಉಳಿದೆವು. ಬಿಳಿಜೋಳ ಸೀತನಿಗೆ ಬಂದಿತ್ತು. ಹಂದಿಗಳಿಗೂ ಅದು ಗೊತ್ತಿತ್ತು. ಪಾಳಿ ಹಚ್ಚಿ ಕಾಯಬೇಕು. ಪಾಳಿ ಎಂದ ಮೇಲೆ ಗಂಟೆ ಬೇಕು.

ಅಣ್ಣನ ಕೈಯಲ್ಲಿ ಹೊಸ ಎಚ್‌ಎಂಟಿ ಪೈಲಟ್. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ಕೈಗಡಿಯಾರ ಮಾಡಲು ಹಿಡಿದ ಕಂಪನಿ. ಅದರ ವಾಚ್ ಕಟ್ಟಿದವನ ನಡಿಗೆಯೇ ಬೇರೆ ಇರುತ್ತಿತ್ತು. ಸೋದರಮಾವನದು ಸೊಲ್ಲಾಪುರದಲ್ಲಿ ಕೊಂಡ ಹಳೇ ರೇಡಿಯಂ ಗಡಿಯಾರ, ಅಂಕಿಗಳು ಕಂದುಬಣ್ಣಕ್ಕೆ ತಿರುಗಿದ್ದವು. ಬೆಳತನಕ ಯಾರದು ಕಾಣತೈತಿ ಅಂತ ಪಣ ಬಿತ್ತು.

ಅಣ್ಣ ಬ್ಯಾಟರಿ ಹಚ್ಚಿ ಹಿಡಿದ. ಮುಳ್ಳುಗಳು ಹಸಿರಾಗಿ ಎದ್ದವು. ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ತಿಕ್ಕಿ, ಶೇಂಗಾ ಹಿಂಡಿ ಕೂಡ ತಿಂದು ಮುಗಿಸುವಷ್ಟರಲ್ಲಿ ಆ ಹಸಿರು ಮುಕ್ಕಾಲು ಇಳಿದಿತ್ತು. ಆಗಿನ ಬಣ್ಣ ಸತುವಿನ ಸಲ್ಫೈಡು. ಕುಡಿದ ಬೆಳಕನ್ನು ಮೊದಲ ಕೆಲ ನಿಮಿಷಗಳಲ್ಲೇ ಹೆಚ್ಚುಪಾಲು ಚೆಲ್ಲಿಬಿಡುತ್ತದೆ. ಮಾವನದಂತೂ ಬೆಂಕಿ ಮುಂದೆ ಕಾಣಲೇ ಇಲ್ಲ.

“ಬೆಂಕಿ ನೋಡಿದ ಕಣ್ಣಿಗೆ ಏನ್ ಕಾಣತೈತ್ಯೋ, ಬಾ ಇತ್ತಾಗ” ಎಂದು ಮಾವ ನನ್ನನ್ನು ಬದುವಿನಾಚೆ ಕರೆದೊಯ್ದು, ಬೆನ್ನು ಬೆಂಕಿಗೆ ಮಾಡಿ ಕೂರಿಸಿದ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ಮೊದಲು ಕರಿ ಬಟ್ಟಲು. ಆಮೇಲೆ ಹನ್ನೆರಡರ ಜಾಗದಲ್ಲಿ ಏನೋ ಮಸುಕು. ಕೊನೆಗೆ ಎರಡೂ ಮುಳ್ಳು, ಬೂದಿಬಣ್ಣದಲ್ಲಿ, ಖಚಿತವಾಗಿ. ಅಣ್ಣನ ವಾಚನ್ನೂ ತರಿಸಿ ನೋಡಿದೆವು. ಸತ್ತಿತು ಅಂದುಕೊಂಡಿದ್ದ ಅದರ ಮುಳ್ಳೂ ಕತ್ತಲಲ್ಲಿ ಇನ್ನೂ ಉಸಿರಾಡುತ್ತಿತ್ತು. ಆದರೆ ಬೆಳಗಿನ ಜಾವದ ಪಾಳಿಗೆ ಅದು ಆರಿತು. ಮಾವನದು ಸಂಜೆ ಎಷ್ಟಿತ್ತೋ ಅಷ್ಟೇ ಇತ್ತು.

ಅದಕ್ಕೆ ಯಾರ ಬೆಳಕೂ ಬೇಡ. ರೇಡಿಯಂ ಅರ್ಧಕ್ಕಿಳಿಯಲು 1600 ವರ್ಷ ಬೇಕು. ಅದರ ಕಣಗಳ ಹೊಡೆತಕ್ಕೆ ಜೊತೆಗಿನ ಬಣ್ಣವೇ ಮೊದಲು ಸವೆಯುತ್ತದೆ, ಮಾವನ ಅಂಕಿಗಳು ಮಂಕಾದದ್ದು ಹಾಗೆ. 1920ರ ಆಸುಪಾಸು ಅಮೆರಿಕದ ಆರೆಂಜ್ ಪಟ್ಟಣದಲ್ಲಿ ಆ ಬಣ್ಣ ಹಚ್ಚುತ್ತಿದ್ದ ಹುಡುಗಿಯರಿಗೆ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಲು ಕಲಿಸಿದ್ದರು. ದವಡೆ ಕೊಳೆತು ಎಷ್ಟೋ ಮಂದಿ ಸತ್ತರು. ಅದನ್ನು ಓದಿದ ಮೇಲೆ ಮಾವನ ಗಡಿಯಾರ ನೆನಪಾದಾಗಲೆಲ್ಲ ಆ ಮಕ್ಕಳೂ ನೆನಪಾಗುತ್ತಾರೆ. ನಿಮ್ಮ ಮನೆಯಲ್ಲಿ ಅಂಥ ಹಳೆಯದೊಂದಿದ್ದರೆ ಗಾಜು ಬಿಚ್ಚಬೇಡಿ, ಆ ಧೂಳು ಒಳಗೆ ಹೋಗಬಾರದು.

ರೇಡಿಯಂ ಬಿಟ್ಟು ಟ್ರಿಟಿಯಂ ಬಂತು, ಅದು ಹನ್ನೆರಡು ವರ್ಷ ಚಿಲ್ಲರೆಗೆ ಅರ್ಧವಾಗುತ್ತದೆ. 1993ರಲ್ಲಿ ಜಪಾನಿನವರು ಸ್ಟ್ರಾನ್ಷಿಯಂ ಅಲ್ಯುಮಿನೇಟಿನ ಬಣ್ಣ ತಂದರು. ಸಂಜೆ ಒಮ್ಮೆ ಚೆನ್ನಾಗಿ ಬೆಳಕುಂಡರೆ, ಹೊಂದಿಕೊಂಡ ಕಣ್ಣಿಗೆ ಬೆಳಗಿನವರೆಗೂ ಕಾಣುತ್ತದೆ. ಈಗ ಹೊಲ ಕಾಯುವ ಹುಡುಗರು ಗಂಟೆ ನೋಡಲು ಮೊಬೈಲ್ ತೆಗೆಯುತ್ತಾರೆ. ಅದು ಆರಿದ ಮೇಲೆ ಬಹಳ ಹೊತ್ತು ಎದುರಿನ ಜೋಳವೂ ಕಾಣದು, ಹಂದಿಯೂ ಕಾಣದು. ಅಂಥವರಿಗೆ ನಾನು ಈ ಹೊಸ ಬಣ್ಣದ ವಾಚನ್ನೇ ಕೊಳ್ಳಲು ಹೇಳುತ್ತೇನೆ.